ವಾಸ್ತುಶಿಲ್ಪ ಮತ್ತು ವಿನ್ಯಾಸ ಶಿಕ್ಷಣದಲ್ಲಿ ತಂಡಕಾರ್ಯ

ವಾಸ್ತುಶಿಲ್ಪ ಮತ್ತು ವಿನ್ಯಾಸ ಶಿಕ್ಷಣದಲ್ಲಿ ತಂಡಕಾರ್ಯ ಎಂದರೆ ವಾಸ್ತುಶಿಲ್ಪ, ಒಳಾಂಗಣ ವಿನ್ಯಾಸ, ಕೈಗಾರಿಕಾ ವಿನ್ಯಾಸ, ನಗರ ವಿನ್ಯಾಸ ಮೊದಲಾದ ವಿಷಯಗಳ ವಿದ್ಯಾರ್ಥಿಗಳಿಗೆ ಇತರರೊಂದಿಗೆ ಸೇರಿ ಒಂದೇ ಕೃತಿಯನ್ನು ರೂಪಿಸುವ ಸಾಮರ್ಥ್ಯವನ್ನು ಕಲಿಸುವ ಮತ್ತು ಆ ಸಾಮರ್ಥ್ಯವನ್ನು ಅಳೆಯುವ ಬೋಧನಾ ಕ್ರಮ. ಒಂದು ಕಟ್ಟಡವನ್ನು ಒಬ್ಬನೇ ಕಟ್ಟಲಾರ. ವಾಸ್ತುಶಿಲ್ಪಿ, ರಚನಾ ಎಂಜಿನಿಯರು, ವಿದ್ಯುತ್ ಮತ್ತು ನೀರು ಸರಬರಾಜು ತಜ್ಞರು, ಗುತ್ತಿಗೆದಾರರು, ಮೇಸ್ತ್ರಿಗಳು, ಮನೆಯೊಡೆಯ ಇವರೆಲ್ಲರ ಒಟ್ಟು ದುಡಿಮೆಯ ಫಲವೇ ಕಟ್ಟಡ. ಹೀಗಿದ್ದರೂ ವಾಸ್ತುಶಿಲ್ಪದ ಶಾಲೆಗಳಲ್ಲಿ ವಿದ್ಯಾರ್ಥಿಯು ಬಹುಪಾಲು ಒಂಟಿಯಾಗಿಯೇ ವಿನ್ಯಾಸ ಮಾಡಿ, ಒಂಟಿಯಾಗಿಯೇ ತೀರ್ಪುಗಾರರ ಮುಂದೆ ನಿಲ್ಲುವ ಪದ್ಧತಿ ದೀರ್ಘಕಾಲದಿಂದ ನಡೆದುಬಂದಿದೆ. ವೃತ್ತಿಯ ಸ್ವರೂಪಕ್ಕೂ ಶಿಕ್ಷಣದ ಸ್ವರೂಪಕ್ಕೂ ನಡುವೆ ಇರುವ ಈ ಅಂತರವೇ ಈ ವಿಷಯದ ಚರ್ಚೆಗೆ ಮೂಲ.

ಪರಿಕಲ್ಪನೆ

ಶಿಕ್ಷಣತಜ್ಞರು 'ಗುಂಪು' ಮತ್ತು 'ತಂಡ' ಎಂಬ ಎರಡು ಪದಗಳನ್ನು ಬೇರೆ ಬೇರೆ ಅರ್ಥದಲ್ಲಿ ಬಳಸುತ್ತಾರೆ. ಒಂದೇ ಮೇಜಿನ ಸುತ್ತ ಕುಳಿತು ತಮ್ಮ ತಮ್ಮ ಭಾಗವನ್ನು ಪ್ರತ್ಯೇಕವಾಗಿ ಮಾಡಿ, ಕೊನೆಯ ದಿನ ಒಟ್ಟಿಗೆ ಜೋಡಿಸಿ ಒಪ್ಪಿಸುವವರು ಒಂದು ಗುಂಪು. ಸಾಮಾನ್ಯ ಗುರಿಯನ್ನು ಒಪ್ಪಿಕೊಂಡು, ಒಬ್ಬರ ಕೆಲಸ ಮತ್ತೊಬ್ಬರ ಕೆಲಸವನ್ನು ಅವಲಂಬಿಸಿರುವಂತೆ ನಡೆದು, ಫಲಿತಾಂಶಕ್ಕೆ ಎಲ್ಲರೂ ಹೊಣೆಗಾರರಾಗುವವರು ಒಂದು ತಂಡ. ನಾಲ್ವರು ವಿದ್ಯಾರ್ಥಿಗಳಲ್ಲಿ ಒಬ್ಬನು ನೆಲಮಹಡಿಯ ನಕ್ಷೆಯನ್ನೂ ಇನ್ನೊಬ್ಬನು ಮೇಲ್ಮಹಡಿಯ ನಕ್ಷೆಯನ್ನೂ ಬರೆದು, ಕೊನೆಗೆ ಮೆಟ್ಟಿಲುಗಳು ಒಂದಕ್ಕೊಂದು ಹೊಂದದೆ ಹೋದರೆ ಅಲ್ಲಿ ಗುಂಪು ಇತ್ತು, ತಂಡ ಇರಲಿಲ್ಲ ಎಂದೇ ಹೇಳಬೇಕಾಗುತ್ತದೆ.

ತಂಡಕಾರ್ಯದ ಕೌಶಲಗಳಲ್ಲಿ ಸಾಮಾನ್ಯವಾಗಿ ಇವುಗಳನ್ನು ಸೇರಿಸಲಾಗುತ್ತದೆ: ಇತರರ ಮಾತನ್ನು ಗಮನವಿಟ್ಟು ಕೇಳುವುದು, ತನ್ನ ಆಲೋಚನೆಯನ್ನು ಇತರರು ತಿದ್ದಲು ಬರುವಂತೆ ಮುಂದಿಡುವುದು, ಕೆಲಸವನ್ನು ನ್ಯಾಯವಾಗಿ ಹಂಚಿಕೊಳ್ಳುವುದು, ಒಪ್ಪಿದ ದಿನಕ್ಕೆ ಕೆಲಸ ಮುಗಿಸುವುದು, ಭಿನ್ನಾಭಿಪ್ರಾಯವನ್ನು ವೈಯಕ್ತಿಕ ಜಗಳವಾಗದಂತೆ ಬಗೆಹರಿಸುವುದು ಮತ್ತು ತಂಡದ ನಿರ್ಧಾರವನ್ನು ತನ್ನದೇ ನಿರ್ಧಾರವೆಂಬಂತೆ ನಿರ್ವಹಿಸುವುದು.

ಇತಿಹಾಸ

ಪ್ರಾಚೀನ ಕಟ್ಟಡಗಳು ಸಾಮೂಹಿಕ ದುಡಿಮೆಯ ಫಲಗಳಾದರೂ ಅವುಗಳನ್ನು ಕಟ್ಟಿದವರ ಹೆಸರುಗಳು ಉಳಿದಿರುವುದು ಅಪರೂಪ. ಹೊಯ್ಸಳ ದೇವಾಲಯಗಳು ಇದಕ್ಕೆ ಹೊರತಾಗಿವೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಹಾಗೂ ಆತನ ಮಗ ಚಾವಣನ ಹೆಸರುಗಳೂ, ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರೂ ಶಿಲ್ಪಗಳ ಪೀಠದಲ್ಲಿ ಕೆತ್ತಲ್ಪಟ್ಟಿವೆ. ನೂರಾರು ಕೈಗಳು ಸೇರಿ ಮಾಡಿದ ಕೆಲಸದಲ್ಲಿಯೂ ಪ್ರತಿಯೊಬ್ಬರ ಪಾಲನ್ನು ಗುರುತಿಸಬಹುದು ಎಂಬುದಕ್ಕೆ ಇವು ಹಳೆಯ ನಿದರ್ಶನಗಳು.

ಆಧುನಿಕ ವಾಸ್ತುಶಿಲ್ಪ ಶಿಕ್ಷಣದ ಒಂದು ಮುಖ್ಯ ಮೂಲ ಪ್ಯಾರಿಸ್ಸಿನ ಎಕೋಲ್ ದೆ ಬೋಜಾರ್. ಅಲ್ಲಿ ವಿದ್ಯಾರ್ಥಿಗಳು 'ಅತೆಲಿಯೆ' ಎಂಬ ಕಾರ್ಯಶಾಲೆಗಳಲ್ಲಿ ಒಬ್ಬ ಗುರುವಿನ ಕೈಕೆಳಗೆ ಕಲಿಯುತ್ತಿದ್ದರು. ಕಿರಿಯರು ಹಿರಿಯ ವಿದ್ಯಾರ್ಥಿಗಳ ನಕ್ಷೆಗಳಿಗೆ ಶಾಯಿ ಎಳೆದು, ಬಣ್ಣ ತುಂಬಿ ನೆರವಾಗುವ ರೂಢಿ ಇತ್ತು. ಆದರೆ ಬಹುಮಾನ ಮಾತ್ರ ಒಬ್ಬನದು. ಅಲ್ಲಿನ ಅತ್ಯುನ್ನತ ಗೌರವವಾದ 'ರೋಮ್ ಮಹಾಪ್ರಶಸ್ತಿ'ಯ ಸ್ಪರ್ಧೆಯಲ್ಲಿ ವಿದ್ಯಾರ್ಥಿಗಳು ಪ್ರತ್ಯೇಕ ಕೋಣೆಗಳಲ್ಲಿ ಕುಳಿತು ತಮ್ಮ ಕಲ್ಪನೆಯನ್ನು ಬರೆಯಬೇಕಾಗಿತ್ತು. ಇಂದಿನ ಸ್ಟುಡಿಯೋ, ಜ್ಯೂರಿ ಹಾಗೂ ಒಂಟಿ ವಿನ್ಯಾಸಕಾರನ ಕಲ್ಪನೆಗಳಲ್ಲಿ ಈ ಪದ್ಧತಿಯ ಛಾಯೆಯನ್ನು ಕಾಣಬಹುದು.

1919ರಲ್ಲಿ ವಾಲ್ಟರ್ ಗ್ರೋಪಿಯಸ್ ಅವರು ಜರ್ಮನಿಯ ವೈಮಾರ್‌ನಲ್ಲಿ ಸ್ಥಾಪಿಸಿದ ಬೌಹೌಸ್ ಶಾಲೆಯು ಕುಶಲಕರ್ಮಿ ಮತ್ತು ಕಲಾವಿದರ ನಡುವಿನ ಗೋಡೆಯನ್ನು ತೆಗೆಯಲು ಬಯಸಿತು. ಅದರ ಆರಂಭದ ವರ್ಷಗಳಲ್ಲಿ ಪ್ರತಿ ಕಾರ್ಯಾಗಾರಕ್ಕೂ ರೂಪವನ್ನು ಕಲಿಸುವ ಒಬ್ಬ ಕಲಾವಿದ ಹಾಗೂ ಕಸುಬನ್ನು ಕಲಿಸುವ ಒಬ್ಬ ಕುಶಲಕರ್ಮಿ, ಹೀಗೆ ಇಬ್ಬರು ಗುರುಗಳಿದ್ದರು. ಶಾಲೆಯು 1933ರಲ್ಲಿ ಮುಚ್ಚಿತು. 1937ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಬಂದ ಗ್ರೋಪಿಯಸ್, 1945ರಲ್ಲಿ ಏಳು ಮಂದಿ ಕಿರಿಯ ವಾಸ್ತುಶಿಲ್ಪಿಗಳೊಂದಿಗೆ 'ದಿ ಆರ್ಕಿಟೆಕ್ಟ್ಸ್ ಕೊಲ್ಯಾಬೊರೇಟಿವ್' ಎಂಬ ಸಂಸ್ಥೆಯನ್ನು ಆರಂಭಿಸಿದರು. ಯಾವೊಬ್ಬರ ಹೆಸರನ್ನೂ ಹೊರದೆ ಒಟ್ಟು ದುಡಿಮೆಯನ್ನೇ ಹೆಸರಾಗಿ ಇಟ್ಟುಕೊಂಡದ್ದು ಈ ಸಂಸ್ಥೆಯ ವಿಶೇಷ.

ಶಾಲೆಯೊಳಗೆ ತಂಡಕಾರ್ಯವನ್ನು ಪಠ್ಯದ ಭಾಗವಾಗಿಸಿದ ಪ್ರಸಿದ್ಧ ಪ್ರಯೋಗಗಳು ಅಮೆರಿಕದಲ್ಲಿ ನಡೆದವು. ಯೇಲ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮೂರ್ ಅವರು 1967ರಲ್ಲಿ ಆರಂಭಿಸಿದ 'ಕಟ್ಟಡ ಯೋಜನೆ'ಯಲ್ಲಿ ಮೊದಲ ವರ್ಷದ ಸ್ನಾತಕೋತ್ತರ ವಿದ್ಯಾರ್ಥಿಗಳು ಕೆಂಟಕಿ ರಾಜ್ಯದ ನ್ಯೂ ಜಯಾನ್ ಎಂಬ ಹಳ್ಳಿಯಲ್ಲಿ ಸಮುದಾಯ ಭವನವೊಂದನ್ನು ತಾವೇ ವಿನ್ಯಾಸಗೊಳಿಸಿ ತಾವೇ ಕಟ್ಟಿದರು. ಈ ಕಾರ್ಯಕ್ರಮ ಇಂದಿಗೂ ಮುಂದುವರಿದಿದೆ. 1968ರಲ್ಲಿ ಅದೇ ವಿಶ್ವವಿದ್ಯಾಲಯದ ಹದಿಮೂರು ವಿದ್ಯಾರ್ಥಿಗಳು ರಾಬರ್ಟ್ ವೆಂಚುರಿ, ಡೆನೀಸ್ ಸ್ಕಾಟ್ ಬ್ರೌನ್ ಮತ್ತು ಸ್ಟೀವನ್ ಐಜನೂರ್ ಅವರ ಮಾರ್ಗದರ್ಶನದಲ್ಲಿ ಲಾಸ್ ವೇಗಸ್ ನಗರವನ್ನು ಅಧ್ಯಯನ ಮಾಡಿದರು. ಅದರ ಫಲಿತಾಂಶವು 1972ರಲ್ಲಿ ಪುಸ್ತಕವಾಗಿ ಪ್ರಕಟವಾಗಿ ವಾಸ್ತುಶಿಲ್ಪ ಚಿಂತನೆಯ ಮೇಲೆ ಗಾಢ ಪ್ರಭಾವ ಬೀರಿತು. 1993ರಲ್ಲಿ ಆಬರ್ನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಮಾಕ್‌ಬೀ ಮತ್ತು ಡಿ. ಕೆ. ರೂತ್ ಅವರು ಅಲಬಾಮಾ ರಾಜ್ಯದ ಹೇಲ್ ಕೌಂಟಿಯಲ್ಲಿ 'ರೂರಲ್ ಸ್ಟುಡಿಯೋ'ವನ್ನು ಸ್ಥಾಪಿಸಿದರು. ಇಲ್ಲಿ ವಿದ್ಯಾರ್ಥಿಗಳು ಬಡ ಗ್ರಾಮಸ್ಥರ ನಡುವೆಯೇ ವಾಸಿಸಿ ಅವರಿಗಾಗಿ ಮನೆಗಳನ್ನೂ ಸಾರ್ವಜನಿಕ ಕಟ್ಟಡಗಳನ್ನೂ ನಿರ್ಮಿಸುತ್ತಾರೆ.

ಕಲಿಸುವ ಅಗತ್ಯ

ವಿದ್ಯಾರ್ಥಿಗಳನ್ನು ಒಟ್ಟಿಗೆ ಕೂರಿಸಿದ ಮಾತ್ರಕ್ಕೆ ತಂಡಕಾರ್ಯ ತಾನಾಗಿಯೇ ಬರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಈಜು ಬಾರದ ಮಗುವನ್ನು ಕೆರೆಗೆ ತಳ್ಳಿ ಈಜು ಕಲಿಸಿದೆವೆನ್ನುವುದಕ್ಕೆ ಇದು ಸಮಾನ. ಕೆಲವರು ಕಲಿಯುತ್ತಾರೆ, ಹಲವರು ನೀರಿಗೆ ಹೆದರುವುದನ್ನು ಕಲಿಯುತ್ತಾರೆ. ತಂಡದಲ್ಲಿ ಒಮ್ಮೆ ಅನ್ಯಾಯವನ್ನು ಅನುಭವಿಸಿದ ವಿದ್ಯಾರ್ಥಿಯು ಮುಂದೆ ತಂಡವೆಂದರೆ ದೂರ ಸರಿಯುವ ಸಂಭವವಿದೆ.

ಮಾನ್ಯತಾ ಸಂಸ್ಥೆಗಳೂ ಈ ಅಗತ್ಯವನ್ನು ಗುರುತಿಸಿವೆ. ಅಮೆರಿಕದ ರಾಷ್ಟ್ರೀಯ ವಾಸ್ತುಶಿಲ್ಪ ಮಾನ್ಯತಾ ಮಂಡಳಿಯ 2020ರ ನಿಬಂಧನೆಗಳಲ್ಲಿ 'ನಾಯಕತ್ವ ಮತ್ತು ಸಹಯೋಗ' ಎಂಬುದು ಪ್ರತ್ಯೇಕ ಮಾನದಂಡವಾಗಿದೆ. ಎಂಜಿನಿಯರಿಂಗ್ ಶಿಕ್ಷಣದಲ್ಲಿ ವಾಷಿಂಗ್ಟನ್ ಒಪ್ಪಂದವು ಪದವೀಧರರಲ್ಲಿ ಇರಬೇಕಾದ ಗುಣಗಳ ಪಟ್ಟಿಯಲ್ಲಿ ತಂಡಕಾರ್ಯವನ್ನು ಸೇರಿಸಿದೆ. ಭಾರತವು 2014ರಲ್ಲಿ ಈ ಒಪ್ಪಂದದ ಕಾಯಂ ಸದಸ್ಯ ರಾಷ್ಟ್ರವಾಯಿತು. ಒಂದೇ ಗಣಕ ಮಾದರಿಯಲ್ಲಿ ವಾಸ್ತುಶಿಲ್ಪಿ, ಎಂಜಿನಿಯರು ಮತ್ತು ಗುತ್ತಿಗೆದಾರರು ಏಕಕಾಲದಲ್ಲಿ ಕೆಲಸ ಮಾಡುವ ಕಟ್ಟಡ ಮಾಹಿತಿ ಮಾದರಿ ತಂತ್ರಜ್ಞಾನವು ಬಳಕೆಗೆ ಬಂದ ಮೇಲೆ ಈ ಅಗತ್ಯ ಮತ್ತಷ್ಟು ಹೆಚ್ಚಿದೆ.

ಬೋಧನಾ ಕ್ರಮ

ತಂಡದ ರಚನೆ: ತಂಡಗಳನ್ನು ರಚಿಸಲು ಮುಖ್ಯವಾಗಿ ಮೂರು ದಾರಿಗಳಿವೆ. ವಿದ್ಯಾರ್ಥಿಗಳೇ ತಮ್ಮ ಸ್ನೇಹಿತರನ್ನು ಆರಿಸಿಕೊಳ್ಳುವುದು ಒಂದು. ಹಾಜರಿ ಪಟ್ಟಿಯ ಕ್ರಮದಲ್ಲಿಯೋ ಚೀಟಿ ಎತ್ತಿಯೋ ಹಂಚುವುದು ಇನ್ನೊಂದು. ಅಧ್ಯಾಪಕರು ಕೌಶಲ ಮತ್ತು ಬಿಡುವಿನ ವೇಳೆಯನ್ನು ನೋಡಿ ಜೋಡಿಸುವುದು ಮೂರನೆಯದು. ಮೊದಲನೆಯದರಲ್ಲಿ ಹೊಂದಾಣಿಕೆ ಸುಲಭ, ಆದರೆ ಸ್ನೇಹಿತರಿಲ್ಲದ ವಿದ್ಯಾರ್ಥಿಗಳು ಕೊನೆಯಲ್ಲಿ ಉಳಿದುಹೋಗುತ್ತಾರೆ. ಎರಡನೆಯದು ಪಕ್ಷಪಾತವಿಲ್ಲದ್ದು, ಆದರೆ ಕೌಶಲಗಳ ಸಮತೋಲನ ಅದೃಷ್ಟಕ್ಕೆ ಬಿಟ್ಟದ್ದು. ಮೂರನೆಯದಕ್ಕೆ ಅಧ್ಯಾಪಕರ ಶ್ರಮ ಹೆಚ್ಚು ಬೇಕಾಗುತ್ತದೆ.

ತಂಡದ ಗಾತ್ರ: ವಿನ್ಯಾಸ ಕಾರ್ಯಕ್ಕೆ ಮೂವರಿಂದ ಐವರ ತಂಡಗಳನ್ನು ಹೆಚ್ಚಾಗಿ ಬಳಸಲಾಗುತ್ತದೆ. ತಂಡ ದೊಡ್ಡದಾದಷ್ಟೂ ಕೆಲಸ ಹಂಚುವುದು ಕಷ್ಟವಾಗಿ, ಹಿಂದೆ ಸರಿಯಲು ಅವಕಾಶ ಹೆಚ್ಚುತ್ತದೆ. ಅಳತೆ ಚಿತ್ರಣ, ಊರಿನ ಸಮೀಕ್ಷೆ ಮುಂತಾದ ಕ್ಷೇತ್ರಕಾರ್ಯಗಳಿಗೆ ದೊಡ್ಡ ತಂಡಗಳು ಒಪ್ಪುತ್ತವೆ.

ತಂಡದ ಒಡಂಬಡಿಕೆ: ಕೆಲಸ ಆರಂಭವಾಗುವ ಮೊದಲೇ ಸದಸ್ಯರು ಒಂದು ಪುಟದ ಒಡಂಬಡಿಕೆಯನ್ನು ಬರೆದು ಸಹಿ ಮಾಡುತ್ತಾರೆ. ವಾರಕ್ಕೆ ಎಷ್ಟು ಬಾರಿ ಸೇರಬೇಕು, ನಿರ್ಧಾರವನ್ನು ಹೇಗೆ ತೆಗೆದುಕೊಳ್ಳಬೇಕು, ಯಾರಾದರೂ ಬಾರದಿದ್ದರೆ ಏನು ಮಾಡಬೇಕು, ಜಗಳವಾದರೆ ಯಾರ ಬಳಿಗೆ ಹೋಗಬೇಕು ಎಂಬ ಸಂಗತಿಗಳು ಅದರಲ್ಲಿರುತ್ತವೆ. ಮನಸ್ತಾಪ ಬಂದ ಮೇಲೆ ನಿಯಮ ಮಾಡಲು ಹೊರಟರೆ ಅದು ಒಬ್ಬರ ವಿರುದ್ಧದ ನಿಯಮವಾಗಿ ಕಾಣುತ್ತದೆ. ಮೊದಲೇ ಮಾಡಿದ ನಿಯಮ ಎಲ್ಲರದಾಗಿರುತ್ತದೆ.

ತಂಡದ ಬೆಳವಣಿಗೆಯ ಅರಿವು: ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ ಅವರು 1965ರಲ್ಲಿ ಸಣ್ಣ ಗುಂಪುಗಳು ರಚನೆ, ಸಂಘರ್ಷ, ಹೊಂದಾಣಿಕೆ ಮತ್ತು ಕಾರ್ಯನಿರ್ವಹಣೆ ಎಂಬ ನಾಲ್ಕು ಹಂತಗಳನ್ನು ಹಾದುಹೋಗುತ್ತವೆ ಎಂದು ನಿರೂಪಿಸಿದರು. 1977ರಲ್ಲಿ ಮೇರಿ ಆನ್ ಜೆನ್ಸನ್ ಅವರೊಡಗೂಡಿ ವಿಸರ್ಜನೆ ಎಂಬ ಐದನೆಯ ಹಂತವನ್ನು ಸೇರಿಸಿದರು. ಎಲ್ಲ ತಂಡಗಳೂ ಇದೇ ಕ್ರಮದಲ್ಲಿ ಸಾಗುವುದಿಲ್ಲವಾದರೂ ಆರಂಭದ ಘರ್ಷಣೆಯು ಸೋಲಿನ ಲಕ್ಷಣವಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ಮನವರಿಕೆ ಮಾಡಿಕೊಡಲು ಈ ನಿರೂಪಣೆ ಉಪಯುಕ್ತವಾಗಿದೆ.

ಪಾತ್ರಗಳ ಬದಲಾವಣೆ: ಚೆನ್ನಾಗಿ ಚಿತ್ರಿಸುವವರು ಯಾವಾಗಲೂ ಚಿತ್ರಿಸುತ್ತ, ಚೆನ್ನಾಗಿ ಮಾತನಾಡುವವರು ಯಾವಾಗಲೂ ಮಂಡಿಸುತ್ತ ಹೋದರೆ ಕೃತಿ ಸೊಗಸಾಗಬಹುದು, ಕಲಿಕೆ ಆಗುವುದಿಲ್ಲ. ಆದುದರಿಂದ ಸಂಯೋಜಕ, ಲಿಪಿಕಾರ, ಮಂಡನಕಾರ, ವಿಮರ್ಶಕ ಮೊದಲಾದ ಪಾತ್ರಗಳನ್ನು ಸರದಿಯಂತೆ ಬದಲಿಸುವುದು ಒಳ್ಳೆಯ ಪದ್ಧತಿ ಎನಿಸಿದೆ.

ಸಾಮಾನ್ಯ ಸಮಸ್ಯೆಗಳು

ಹೊಣೆ ಜಾರಿಸುವಿಕೆ: ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸಿಮಿಲಿಯನ್ ರಿಂಗೆಲ್‌ಮನ್ ಅವರು ಹಗ್ಗ ಎಳೆಯುವ ಪ್ರಯೋಗಗಳ ಮೂಲಕ, ಎಳೆಯುವವರ ಸಂಖ್ಯೆ ಹೆಚ್ಚಿದಂತೆ ತಲಾ ಬಲ ಕುಗ್ಗುತ್ತದೆ ಎಂಬುದನ್ನು ಕಂಡುಕೊಂಡರು. 1913ರಲ್ಲಿ ಪ್ರಕಟವಾದ ಈ ಫಲಿತಾಂಶದಂತೆ, ಎಂಟು ಮಂದಿ ಕೂಡಿ ಎಳೆದಾಗ ಪ್ರತಿಯೊಬ್ಬರ ಪಾಲಿನ ಬಲವು ಒಬ್ಬನೇ ಎಳೆಯುವಾಗಿನ ಬಲದ ಸುಮಾರು ಅರ್ಧಕ್ಕೆ ಇಳಿದಿತ್ತು. 1979ರಲ್ಲಿ ಬಿಬ್ ಲಟಾನೆ ಮತ್ತು ಸಂಗಡಿಗರು ಚಪ್ಪಾಳೆ ಮತ್ತು ಕೂಗಿನ ಪ್ರಯೋಗಗಳಿಂದ, ಈ ನಷ್ಟಕ್ಕೆ ಹೊಂದಾಣಿಕೆಯ ಕೊರತೆಯಷ್ಟೇ ಅಲ್ಲದೆ ಪ್ರಯತ್ನದ ಕುಗ್ಗುವಿಕೆಯೂ ಕಾರಣವೆಂದು ತೋರಿಸಿದರು. ತನ್ನ ಪಾಲನ್ನು ಯಾರೂ ಗುರುತಿಸಲಾರರು ಎಂಬ ಭಾವನೆ ಬಂದಾಗ ಪ್ರಯತ್ನ ಕಡಿಮೆಯಾಗುತ್ತದೆ. 'ಹತ್ತು ಜನರ ಕಡ್ಡಿ ಒಬ್ಬನ ಹೊರೆ' ಎಂಬ ಗಾದೆಯು ಪ್ರತಿಯೊಬ್ಬರೂ ತಮ್ಮ ಕಡ್ಡಿಯನ್ನು ತಂದಾಗ ಮಾತ್ರ ನಿಜವಾಗುತ್ತದೆ. ತಾರದವರ ಕಡ್ಡಿಯನ್ನೂ ಶ್ರದ್ಧಾವಂತನೊಬ್ಬನೇ ಹೊರಬೇಕಾಗಿ ಬರುವುದೇ ಗುಂಪು ಕೆಲಸದ ಬಗ್ಗೆ ವಿದ್ಯಾರ್ಥಿಗಳ ಅತಿ ಸಾಮಾನ್ಯ ದೂರು.

ಅಧಿಕಾರ ಚಲಾವಣೆ: ಇದು ಹೊಣೆ ಜಾರಿಸುವಿಕೆಯ ಮತ್ತೊಂದು ಮುಖ. ಪ್ರತಿಭಾವಂತ ವಿದ್ಯಾರ್ಥಿಯೊಬ್ಬನು ಎಲ್ಲ ಕೆಲಸವನ್ನೂ ತಾನೇ ಎಳೆದುಕೊಂಡು, ಇತರರಿಗೆ ಮಾದರಿಯ ರಟ್ಟು ಕತ್ತರಿಸುವ ಕೆಲಸವನ್ನಷ್ಟೇ ಬಿಡುವುದುಂಟು. ಹೊರಗಿನಿಂದ ನೋಡುವವರಿಗೆ ಇತರರು ಸೋಮಾರಿಗಳಂತೆ ಕಾಣುತ್ತಾರೆ. ಅವರಿಗೆ ಅವಕಾಶವೇ ಸಿಗಲಿಲ್ಲವೆಂಬುದು ಅಂಕಪಟ್ಟಿಯಲ್ಲಿ ಕಾಣುವುದಿಲ್ಲ.

ಕಾಣದ ದುಡಿಮೆ: ಸಭೆ ಕರೆಯುವುದು, ಟಿಪ್ಪಣಿ ಬರೆಯುವುದು, ಕಡತಗಳನ್ನು ಜೋಡಿಸುವುದು, ಜಗಳ ಬಿಡಿಸುವುದು ಮುಂತಾದ ಕೆಲಸಗಳಿಲ್ಲದೆ ತಂಡ ನಡೆಯದು. ಆದರೆ ಇವು ನಕ್ಷೆಯಲ್ಲಿ ಮೂಡುವುದಿಲ್ಲ. ಇಂತಹ ಕೆಲಸಗಳು ಕೇಳದೆಯೇ ವಿದ್ಯಾರ್ಥಿನಿಯರ ಪಾಲಿಗೆ ಬೀಳದಂತೆ ಅಧ್ಯಾಪಕರು ಎಚ್ಚರ ವಹಿಸಬೇಕಾಗುತ್ತದೆ.

ಭಾಷೆಯ ತೊಡಕು: ಇಂಗ್ಲಿಷ್ ಮಾಧ್ಯಮದ ಕಾಲೇಜಿಗೆ ಕನ್ನಡ ಅಥವಾ ಇತರ ಭಾರತೀಯ ಭಾಷೆಗಳ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಯು ಜ್ಯೂರಿಯ ಮುಂದೆ ಮೌನವಾಗಿ ನಿಲ್ಲಬಹುದು. ಮಾತನಾಡಿದವನದೇ ಕಲ್ಪನೆ ಎಂದು ತೀರ್ಪುಗಾರರು ಭಾವಿಸುವ ಅಪಾಯ ಇಲ್ಲಿದೆ. ತಂಡದೊಳಗಿನ ಚರ್ಚೆಯನ್ನು ಎಲ್ಲರಿಗೂ ಒಗ್ಗುವ ಭಾಷೆಯಲ್ಲಿ ನಡೆಸಲು ಅವಕಾಶ ನೀಡುವುದು ಮತ್ತು ಪ್ರತಿ ಸದಸ್ಯನಿಗೂ ಒಂದು ಪ್ರಶ್ನೆಯನ್ನಾದರೂ ಕೇಳುವುದು ಇದಕ್ಕೆ ಸರಳ ಪರಿಹಾರಗಳು.

ಮೌಲ್ಯಮಾಪನ

ತಂಡಕಾರ್ಯದಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಅಳೆಯಬೇಕಾಗುತ್ತದೆ. ಮೊದಲನೆಯದು ಕೃತಿ, ಎಂದರೆ ಒಪ್ಪಿಸಿದ ನಕ್ಷೆ, ಮಾದರಿ ಮತ್ತು ವರದಿ. ಎರಡನೆಯದು ಪ್ರಕ್ರಿಯೆ, ಎಂದರೆ ತಂಡವು ಆ ಕೃತಿಯನ್ನು ತಲುಪಿದ ಬಗೆ. ಕೃತಿಗೆ ಮಾತ್ರ ಅಂಕ ನೀಡಿದರೆ ತಂಡಕಾರ್ಯವನ್ನು ಅಳೆದಂತಾಗುವುದಿಲ್ಲ. ಒಬ್ಬನೇ ರಾತ್ರಿಯಿಡೀ ಕುಳಿತು ಮಾಡಿದ ಸೊಗಸಾದ ಕೃತಿಗೂ ನಾಲ್ವರು ಕೂಡಿ ಮಾಡಿದ ಕೃತಿಗೂ ಆಗ ವ್ಯತ್ಯಾಸವೇ ಇರುವುದಿಲ್ಲ.

ಪ್ರಕ್ರಿಯೆಯನ್ನು ತಿಳಿಯಲು ಸಭೆಯ ನಡಾವಳಿ, ಕರಡು ಚಿತ್ರಗಳು, ವೈಯಕ್ತಿಕ ದಿನಚರಿ, ಅಧ್ಯಾಪಕರ ವೀಕ್ಷಣೆ ಮತ್ತು ಮೌಖಿಕ ಪರೀಕ್ಷೆ ಇವುಗಳನ್ನು ಬಳಸಲಾಗುತ್ತದೆ. ಇವುಗಳ ಜೊತೆಗೆ ಹೆಚ್ಚು ಬಳಕೆಯಲ್ಲಿರುವ ವಿಧಾನ ಸಹಪಾಠಿ ಮೌಲ್ಯಮಾಪನ. ಇದರಲ್ಲಿ ತಂಡದ ಸದಸ್ಯರು ಗೋಪ್ಯವಾಗಿ ಪರಸ್ಪರರ ಕೊಡುಗೆಯನ್ನು ಅಳೆಯುತ್ತಾರೆ. ಬ್ರಿಟನ್ನಿನ ಲಫ್‌ಬರೊ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ವೆಬ್‌ಪಿಎ, ಆಸ್ಟ್ರೇಲಿಯದ ಸ್ಪಾರ್ಕ್‌ಪ್ಲಸ್ ಮತ್ತು ಅಮೆರಿಕದ ಕ್ಯಾಟ್‌ಮಿ ಇದಕ್ಕಾಗಿ ಸಿದ್ಧಪಡಿಸಿದ ತಂತ್ರಾಂಶಗಳು. ಕ್ಯಾಟ್‌ಮಿಯು ಸದಸ್ಯರನ್ನು ಐದು ಅಂಶಗಳಲ್ಲಿ ಅಳೆಯುತ್ತದೆ: ತಂಡದ ಕೆಲಸಕ್ಕೆ ನೀಡಿದ ಕೊಡುಗೆ, ಇತರರೊಂದಿಗಿನ ವರ್ತನೆ, ತಂಡವನ್ನು ದಾರಿಯಲ್ಲಿರಿಸುವಿಕೆ, ಗುಣಮಟ್ಟದ ನಿರೀಕ್ಷೆ ಮತ್ತು ಬೇಕಾದ ಜ್ಞಾನ ಹಾಗೂ ಕೌಶಲ.

ಲೆಕ್ಕದ ಒಂದು ಉದಾಹರಣೆ: ನಾಲ್ವರ ತಂಡವೊಂದರ ಕೃತಿಗೆ 100ಕ್ಕೆ 60 ಅಂಕ ಬಂದಿದೆ ಎಂದಿಟ್ಟುಕೊಳ್ಳೋಣ. ಪ್ರತಿಯೊಬ್ಬ ಸದಸ್ಯನೂ ತನ್ನನ್ನು ಬಿಟ್ಟು ಉಳಿದ ಮೂವರಿಗೆ 100 ಪಾಯಿಂಟುಗಳನ್ನು ಹಂಚುತ್ತಾನೆ. ಒಟ್ಟು ಹಂಚಿಕೆ 400 ಆದುದರಿಂದ ಸರಾಸರಿ ತಲಾ 100. ನಾಲ್ವರಿಗೂ ಕ್ರಮವಾಗಿ 115, 105, 100 ಮತ್ತು 80 ಪಾಯಿಂಟುಗಳು ಬಂದರೆ ಅವರ ಗುಣಕಗಳು 1.15, 1.05, 1.00 ಮತ್ತು 0.80 ಆಗುತ್ತವೆ.

ತಂಡದ ಅಂಕವನ್ನು ಈ ಗುಣಕದಿಂದ ನೇರವಾಗಿ ಗುಣಿಸಿದರೆ ವೈಯಕ್ತಿಕ ಅಂಕಗಳು 69, 63, 60 ಮತ್ತು 48.
ಅರ್ಧ ಅಂಕವನ್ನು (30) ಎಲ್ಲರಿಗೂ ಸಮನಾಗಿ ನೀಡಿ ಉಳಿದ ಅರ್ಧವನ್ನು ಮಾತ್ರ ಗುಣಿಸಿದರೆ 64.5, 61.5, 60 ಮತ್ತು 54.
ಗುಣಕದ ವರ್ಗಮೂಲವನ್ನು ಬಳಸಿದರೆ ಸುಮಾರು 64.3, 61.5, 60 ಮತ್ತು 53.7.

ಉತ್ತೀರ್ಣತೆಗೆ 50 ಅಂಕ ಬೇಕಾಗಿದ್ದರೆ ನಾಲ್ಕನೆಯ ವಿದ್ಯಾರ್ಥಿಯು ಮೊದಲ ವಿಧಾನದಲ್ಲಿ ಅನುತ್ತೀರ್ಣನಾಗುತ್ತಾನೆ, ಉಳಿದ ಎರಡರಲ್ಲಿ ಉತ್ತೀರ್ಣನಾಗುತ್ತಾನೆ. ಸಹಪಾಠಿಗಳ ಅಭಿಪ್ರಾಯ ಒಂದೇ ಆಗಿದ್ದರೂ ಸೂತ್ರದ ಆಯ್ಕೆಯೇ ಫಲಿತಾಂಶವನ್ನು ಬದಲಿಸಬಲ್ಲದು. ಆದಕಾರಣ ಸೂತ್ರವನ್ನು ಕೆಲಸ ಆರಂಭವಾಗುವ ಮೊದಲೇ ವಿದ್ಯಾರ್ಥಿಗಳಿಗೆ ತಿಳಿಸುವುದು ಅಗತ್ಯ.

ಮಧ್ಯಾವಧಿಯ ಮೌಲ್ಯಮಾಪನ: ಅಂಕವಿಲ್ಲದ ಸಹಪಾಠಿ ಅಭಿಪ್ರಾಯವನ್ನು ಅವಧಿಯ ಮಧ್ಯದಲ್ಲಿ ಒಮ್ಮೆ ಪಡೆದು ವಿದ್ಯಾರ್ಥಿಗೆ ತಿಳಿಸಿದರೆ ತಿದ್ದಿಕೊಳ್ಳಲು ಕಾಲ ಸಿಗುತ್ತದೆ. ಕೊನೆಯಲ್ಲಿ ಮಾತ್ರ ಅಳೆದರೆ ಅದು ತೀರ್ಪಾಗುತ್ತದೆಯೇ ಹೊರತು ಪಾಠವಾಗುವುದಿಲ್ಲ.

ಮಿತಿಗಳು

ಸಹಪಾಠಿ ಮೌಲ್ಯಮಾಪನಕ್ಕೂ ದೋಷಗಳಿವೆ. ಸ್ನೇಹಿತರು ಪರಸ್ಪರ ಹೆಚ್ಚು ಅಂಕ ನೀಡಬಹುದು. ಮೂವರು ಸೇರಿ ಒಬ್ಬನನ್ನು ದೂರವಿಡಬಹುದು. ಜಾತಿ, ಲಿಂಗ, ಊರು, ಭಾಷೆ ಇವುಗಳ ಪೂರ್ವಗ್ರಹಗಳು ಸಂಖ್ಯೆಯ ವೇಷದಲ್ಲಿ ಒಳಬರಬಹುದು. ಎಲ್ಲರೂ ಎಲ್ಲರಿಗೂ ಸಮಾನ ಅಂಕ ಹಂಚಿ ಪ್ರಶ್ನೆಯನ್ನೇ ತಪ್ಪಿಸಿಕೊಳ್ಳುವುದೂ ಉಂಟು. ಆದುದರಿಂದ ಸಂಖ್ಯೆಯೊಂದಿಗೆ ಕಾರಣವನ್ನೂ ಬರೆಯಿಸುವುದು, ಅಸಹಜ ಅಂಕಗಳನ್ನು ಅಧ್ಯಾಪಕರು ದಾಖಲೆಗಳೊಂದಿಗೆ ತಾಳೆ ನೋಡುವುದು ಮತ್ತು ವಿದ್ಯಾರ್ಥಿಗೆ ಮೇಲ್ಮನವಿಯ ಅವಕಾಶ ನೀಡುವುದು ಅವಶ್ಯಕ. ಅಂತಿಮ ಹೊಣೆ ಅಧ್ಯಾಪಕರದೇ ಆಗಿರುತ್ತದೆ. ಅದನ್ನು ಸೂತ್ರಕ್ಕೆ ವಹಿಸಲಾಗದು.

ಸೃಜನಶೀಲ ಕಲ್ಪನೆಯು ವೈಯಕ್ತಿಕವಾದದ್ದು, ತಂಡದ ಒಮ್ಮತಕ್ಕಾಗಿ ಅದನ್ನು ಮೊಂಡಾಗಿಸಬಾರದು ಎಂಬ ಆಕ್ಷೇಪವೂ ಇದೆ. ಇದಕ್ಕೆ ಉತ್ತರವಾಗಿ ಅನೇಕ ಶಾಲೆಗಳು ವೈಯಕ್ತಿಕ ಮತ್ತು ತಂಡದ ಕಾರ್ಯಗಳನ್ನು ಬೆರೆಸುತ್ತವೆ. ನಿವೇಶನದ ಅಧ್ಯಯನವನ್ನು ತಂಡವಾಗಿ ಮಾಡಿಸಿ, ವಿನ್ಯಾಸವನ್ನು ಪ್ರತ್ಯೇಕವಾಗಿ ಮಾಡಿಸುವುದು ಇದರ ಸಾಮಾನ್ಯ ರೂಪ.

ಭಾರತದಲ್ಲಿ

ಭಾರತದಲ್ಲಿ ವಾಸ್ತುಶಿಲ್ಪ ಶಿಕ್ಷಣವು 1972ರ ವಾಸ್ತುಶಿಲ್ಪಿಗಳ ಅಧಿನಿಯಮದ ಅನ್ವಯ ರಚಿತವಾದ ವಾಸ್ತುಶಿಲ್ಪ ಪರಿಷತ್ತಿನ ನಿಯಂತ್ರಣದಲ್ಲಿದೆ. ಪದವಿಯು ಐದು ವರ್ಷಗಳ, ಹತ್ತು ಸೆಮಿಸ್ಟರುಗಳ ಅವಧಿಯದು. ಪ್ರಾಯೋಗಿಕ ತರಬೇತಿಯೂ ಇದರಲ್ಲಿ ಸೇರಿದೆ. ಕರ್ನಾಟಕದಲ್ಲಿ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಅನೇಕ ವಾಸ್ತುಶಿಲ್ಪ ಶಾಲೆಗಳು ಸೇರಿವೆ. ಹಳೆಯ ಮನೆ, ದೇವಾಲಯ, ಊರುಕೇರಿಗಳನ್ನು ಅಳೆದು ಚಿತ್ರಿಸುವ ಅಧ್ಯಯನ ಪ್ರವಾಸಗಳು ಭಾರತದ ವಿದ್ಯಾರ್ಥಿಗಳಿಗೆ ತಂಡಕಾರ್ಯದ ಮೊದಲ ಅನುಭವ ನೀಡುವುದು ಸಾಮಾನ್ಯ. ಟೇಪಿನ ಒಂದು ತುದಿಯನ್ನು ಹಿಡಿದವನು ತಪ್ಪಿದರೆ ಮತ್ತೊಂದು ತುದಿಯಲ್ಲಿ ಓದಿದ ಅಳತೆಯೂ ತಪ್ಪುತ್ತದೆ ಎಂಬ ಪಾಠ ಅಲ್ಲಿ ಯಾರೂ ಹೇಳದೆಯೇ ದೊರೆಯುತ್ತದೆ.

ವಾಸ್ತುಶಿಲ್ಪ ವಿದ್ಯಾರ್ಥಿಗಳ ರಾಷ್ಟ್ರೀಯ ಸಂಘವಾದ ನಾಸಾ ಪ್ರತಿವರ್ಷ ಏರ್ಪಡಿಸುವ ಸ್ಪರ್ಧೆಗಳಲ್ಲಿ ಕಾಲೇಜುಗಳ ವಿದ್ಯಾರ್ಥಿಗಳು ತಂಡಗಳಾಗಿ ಭಾಗವಹಿಸುತ್ತಾರೆ. ಅಮೆರಿಕದ ಇಂಧನ ಇಲಾಖೆಯು 2002ರಲ್ಲಿ ಮೊದಲ ಬಾರಿಗೆ ನಡೆಸಿದ ಸೋಲಾರ್ ಡೆಕಾಥ್ಲಾನ್ ಸ್ಪರ್ಧೆಯ ಭಾರತೀಯ ರೂಪವು 2020ರಲ್ಲಿ ಆರಂಭವಾಯಿತು. ಬೆಂಗಳೂರಿನಲ್ಲಿ ಕೇಂದ್ರವಿರುವ ಭಾರತೀಯ ಮಾನವ ವಸತಿ ಸಂಸ್ಥೆಯು ಇದರ ಸಂಘಟಕರಲ್ಲಿ ಒಂದು. ಇಂಧನ ಉಳಿಸುವ ಕಟ್ಟಡಗಳ ಈ ಸ್ಪರ್ಧೆಯಲ್ಲಿ ವಾಸ್ತುಶಿಲ್ಪ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಂದೇ ತಂಡದಲ್ಲಿ ದುಡಿಯುತ್ತಾರೆ.

ಕರ್ತೃತ್ವದ ಪ್ರಶ್ನೆ

ತಂಡದಲ್ಲಿ ಯಾರ ಪಾಲು ಎಷ್ಟು ಎಂಬ ಪ್ರಶ್ನೆ ತರಗತಿಯೊಂದಿಗೆ ಮುಗಿಯುವುದಿಲ್ಲ. 1991ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿಯನ್ನು ರಾಬರ್ಟ್ ವೆಂಚುರಿ ಅವರೊಬ್ಬರಿಗೇ ನೀಡಲಾಯಿತು. ದಶಕಗಳ ಕಾಲ ಅವರೊಂದಿಗೆ ಸಮಾನವಾಗಿ ದುಡಿದ ಸಹವಾಸ್ತುಶಿಲ್ಪಿ ಹಾಗೂ ಪತ್ನಿ ಡೆನೀಸ್ ಸ್ಕಾಟ್ ಬ್ರೌನ್ ಅವರನ್ನು ಕೈಬಿಡಲಾಯಿತು. 2013ರಲ್ಲಿ ಹಾರ್ವರ್ಡ್‌ನ ವಿದ್ಯಾರ್ಥಿನಿಯರು ಈ ತಪ್ಪನ್ನು ಸರಿಪಡಿಸಬೇಕೆಂದು ಸಹಿ ಸಂಗ್ರಹಿಸಿ ಮನವಿ ಸಲ್ಲಿಸಿದರು. ಹಿಂದಿನ ತೀರ್ಪನ್ನು ಮರುಪರಿಶೀಲಿಸಲಾಗದೆಂದು ಪ್ರಶಸ್ತಿ ಸಮಿತಿಯು ಉತ್ತರಿಸಿತು. ಅದೇ ವರ್ಷ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆಯು ತನ್ನ ಚಿನ್ನದ ಪದಕವನ್ನು ಜೊತೆಯಾಗಿ ದುಡಿದ ಇಬ್ಬರಿಗೆ ನೀಡಲು ಅನುವಾಗುವಂತೆ ನಿಯಮವನ್ನು ಬದಲಿಸಿತು. 2016ರ ಪದಕವನ್ನು ವೆಂಚುರಿ ಮತ್ತು ಸ್ಕಾಟ್ ಬ್ರೌನ್ ಇಬ್ಬರಿಗೂ ಒಟ್ಟಾಗಿ ನೀಡಲಾಯಿತು. 2017ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿಯೂ ಮೊದಲ ಬಾರಿಗೆ ಮೂವರಿಗೆ, ಸ್ಪೇನಿನ ಆರ್‌ಸಿಆರ್ ಸಂಸ್ಥೆಯ ವಾಸ್ತುಶಿಲ್ಪಿಗಳಿಗೆ, ಒಟ್ಟಾಗಿ ದೊರೆಯಿತು.